ಸಹಿಯಾಗದ ಆದೇಶ

2002ರ ಮಾರ್ಚ್ ಮೊದಲ ವಾರ. ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಂಡೆಯ ಮೇಲಿರುವ ಡೇವಿಸ್-ಬೆಸ್ಸಿ ಅಣು ವಿದ್ಯುತ್ ಸ್ಥಾವರ ಹೊಸ ಇಂಧನ ತುಂಬಿಸಿಕೊಳ್ಳಲೆಂದು ನಿಂತಿತ್ತು. ರಿಯಾಕ್ಟರ್ ಪಾತ್ರೆಯ ಮುಚ್ಚಳದ ಮೇಲೆ ಕೊಳವೆಗಳ ರಿಪೇರಿ ನಡೆದಿತ್ತು. ಆ ಮುಚ್ಚಳವನ್ನು ತೂರಿಕೊಂಡು 69 ಕೊಳವೆಗಳು ನೆಟ್ಟಗೆ ನಿಂತಿರುತ್ತವೆ. ರಿಯಾಕ್ಟರನ್ನು ಹತೋಟಿಯಲ್ಲಿಡುವ ಸರಳುಗಳು ಏರುವುದೂ ಇಳಿಯುವುದೂ ಅವುಗಳ ಒಳಗಿನಿಂದಲೇ. ಮೂರನೇ ನಂಬರಿನ ಕೊಳವೆಯಲ್ಲಿ ಕಂಡಿದ್ದ ಬಿರುಕನ್ನು ಕೊರೆದು ತೆಗೆಯುತ್ತಿದ್ದಾಗ ಯಂತ್ರ ಇದ್ದಕ್ಕಿದ್ದಂತೆ ಅಲುಗಿತು. ಕೆಲಸ ನಿಲ್ಲಿಸಿ ಯಂತ್ರವನ್ನು ಬಿಡಿಸಿಕೊಳ್ಳುವಾಗ ಕೊಳವೆಯೇ ವಾಲಿ ಪಕ್ಕದ್ದಕ್ಕೆ ಒರಗಿಕೊಂಡಿತು.

ಕೊಳವೆ ವಾಲುವುದು ಸಾಧ್ಯವೇ ಇರಲಿಲ್ಲ. ಅದು ಕೂತಿದ್ದದ್ದು ಸುಮಾರು 17 ಸೆಂಟಿಮೀಟರ್ ದಪ್ಪದ ಉಕ್ಕಿನಲ್ಲಿ. ಸುತ್ತಲೂ ಹೆಪ್ಪುಗಟ್ಟಿದ್ದ ಕಂದುಬಣ್ಣದ ಗಟ್ಟಿಯನ್ನು ತೆಗೆದು ನೋಡಿದರೆ, ಒಂದು ಪಕ್ಕದಲ್ಲಿ ಆ ಉಕ್ಕೇ ಇರಲಿಲ್ಲ. ಸುಲಿದ ತೆಂಗಿನಕಾಯಿಯೊಂದು ಆರಾಮವಾಗಿ ಕೂರುವಷ್ಟು ದೊಡ್ಡ ಗುಂಡಿ ಬಿದ್ದಿತ್ತು. ಗುಂಡಿಯ ತಳದಲ್ಲಿ ಉಳಿದದ್ದು ಮುಚ್ಚಳದ ಒಳಮೈಗೆ ಹೊದಿಸಿದ್ದ ಸ್ಟೇನ್‌ಲೆಸ್ ಸ್ಟೀಲಿನ ತೆಳು ಪದರ. ಅದರ ದಪ್ಪ ಒಂದು ಸೆಂಟಿಮೀಟರಿಗೂ ಕಡಿಮೆ. ತುಕ್ಕು ತಡೆಯುವುದಕ್ಕೆಂದು ಹಾಕಿದ ಪದರ ಅದು, ಒತ್ತಡ ಹೊರುವುದಕ್ಕಲ್ಲ. ಸ್ಥಾವರ ನಡೆಯುತ್ತಿದ್ದಷ್ಟು ಕಾಲವೂ ಒಳಗಿನ ನೀರು ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 150 ಪಟ್ಟು ಬಲದಿಂದ ಅದನ್ನು ತಳ್ಳುತ್ತಿತ್ತು. ಪದರ ಮೇಲಕ್ಕೆ ಉಬ್ಬಿಕೊಂಡಿತ್ತು.

ನಿಯಮಗಳ ಕೊರತೆಯಿಂದ ಈ ಗುಂಡಿ ಬೀಳಲಿಲ್ಲ. ಹೀಗಾಗಬಾರದು ಎಂದು ನಿಯಮ ಬರೆದಿತ್ತು, ಹೀಗಾಗಬಹುದು ಎಂದು ನಿಯಂತ್ರಕರು ಹದಿನಾಲ್ಕು ವರ್ಷ ಮೊದಲೇ ಪತ್ರ ಕಳಿಸಿದ್ದರು. ಗುಂಡಿ ಕಣ್ಣಿಗೆ ಬೀಳುವ ನಾಲ್ಕು ತಿಂಗಳ ಹಿಂದೆ ಸ್ಥಾವರವನ್ನು ನಿಲ್ಲಿಸಬೇಕೆಂಬ ಆದೇಶದ ಕರಡೂ ಸಿದ್ಧವಾಗಿತ್ತು. ಅದಕ್ಕೆ ಸಹಿ ಬೀಳಲಿಲ್ಲ. ಏಕೆ ಬೀಳಲಿಲ್ಲ ಎಂಬುದೇ ಈ ಅಧ್ಯಾಯದ ವಿಷಯ.

ಉಕ್ಕನ್ನು ತಿಂದದ್ದು ಯಾವುದೆಂದು ಮೊದಲು ನೋಡೋಣ. ಅದು ನಮ್ಮ ಮನೆಗಳಲ್ಲೇ ಇರುವ ವಸ್ತು. ಬೇಸಿಗೆ ರಜೆಯಲ್ಲಿ ಕೇರಂ ಬೋರ್ಡಿನ ಮೇಲೆ ಉದುರಿಸುತ್ತಿದ್ದ ಬೋರಿಕ್ ಪೌಡರ್ ನೆನಪಿದೆಯಲ್ಲ? ಬೆರಳಿಗೆ ಅಂಟಿದರೆ ರೇಷ್ಮೆಯಂತೆ ಜಾರುವ ಬಿಳಿ ಪುಡಿ. ನಮ್ಮ ಮನೆಯಲ್ಲಿ ಆಟ ಮುಗಿದ ಮೇಲೆ ಉಳಿದದ್ದನ್ನು ಅಮ್ಮ ಜಿರಲೆಗೆಂದು ಸಿಂಕಿನ ಕೆಳಗೆ ಹಾಕುತ್ತಿದ್ದರು. ಇದೇ ಬೋರಿಕ್ ಆಸಿಡ್ ಡೇವಿಸ್-ಬೆಸ್ಸಿಯಂಥ ರಿಯಾಕ್ಟರ್‌ಗಳ ನೀರಿನಲ್ಲಿ ಕರಗಿರುತ್ತದೆ. ಬೋರಾನ್ ಪರಮಾಣುಗಳು ನ್ಯೂಟ್ರಾನ್‌ಗಳನ್ನು ನುಂಗುತ್ತವೆ. ಹೊಸ ಇಂಧನ ತುಂಬಿದಾಗ ಕಾವು ಹೆಚ್ಚು, ಆಗ ಬೋರಾನ್ ಹೆಚ್ಚು ಬೇಕು. ಇಂಧನ ಸವೆಯುತ್ತ ಬಂದಂತೆ ಅದನ್ನು ಕಡಿಮೆ ಮಾಡುತ್ತ ಹೋಗುತ್ತಾರೆ. ಒಲೆಯ ಉರಿ ಹೊಂದಿಸಿಕೊಂಡಂತೆ.

ನೀರಿನಲ್ಲಿ ತೆಳುವಾಗಿ ಕರಗಿರುವಾಗ ಈ ಆಸಿಡ್ ಸಾಧು. ಆದರೆ ಸೂಜಿಮೊನೆಯಷ್ಟು ಬಿರುಕಿನಿಂದ ಆ ನೀರು ಹೊರಗೆ ಜಿನುಗಿತೆನ್ನಿ. 300 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ಒತ್ತಡ ತಪ್ಪಿದೊಡನೆ ಆವಿಯಾಗುತ್ತದೆ, ಆಸಿಡ್ ಅಲ್ಲೇ ಉಳಿಯುತ್ತದೆ. ಒಣಗಿ ನಿಂತರೆ ಬರೀ ಬಿಳಿ ಪುಡಿ, ಹೆಚ್ಚೇನೂ ಕೆಡುಕಿಲ್ಲ. ತೇವವಿದ್ದು, ಬಿಸಿಯಿದ್ದು, ಗಟ್ಟಿಯಾಗುತ್ತ ಹೋದರೆ ಅದು ಬೇರೆಯೇ ವಸ್ತು. ಸ್ಟೇನ್‌ಲೆಸ್ ಸ್ಟೀಲನ್ನು ಅದು ಮುಟ್ಟುವುದಿಲ್ಲ, ಆದರೆ ಪಾತ್ರೆಯ ಮೈಯಾದ ಸಾಧಾರಣ ಉಕ್ಕನ್ನು ವರ್ಷಕ್ಕೆ ಸೆಂಟಿಮೀಟರ್‌ಗಟ್ಟಲೆ ತಿನ್ನಬಲ್ಲದು. ಇದು ಗುಟ್ಟಾಗಿರಲಿಲ್ಲ. 1980ರ ದಶಕದಲ್ಲಿ ಫ್ಲಾರಿಡಾದ ಟರ್ಕಿ ಪಾಯಿಂಟ್ ಸ್ಥಾವರದ ಮುಚ್ಚಳದ ಮೇಲೆ ಈ ಪುಡಿಯ ರಾಶಿಯೇ ಸಿಕ್ಕಿತ್ತು. 1988ರಲ್ಲಿ ಅಮೆರಿಕದ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ ಎಲ್ಲ ಸ್ಥಾವರಗಳಿಗೂ ಪತ್ರ ಬರೆದು, ಬೋರಿಕ್ ಆಸಿಡ್ ಸೋರಿಕೆಯನ್ನು ಹುಡುಕಿ ತೊಳೆದು ಕೆಳಗಿನ ಲೋಹವನ್ನು ಪರೀಕ್ಷಿಸುವ ವ್ಯವಸ್ಥೆ ಇರಲೇಬೇಕೆಂದಿತು. ಡೇವಿಸ್-ಬೆಸ್ಸಿಯಲ್ಲೂ ಅಂಥ ವ್ಯವಸ್ಥೆ ಕಾಗದದ ಮೇಲೆ ಇತ್ತು.

ಸೋರಿಕೆಯ ವಿಷಯದಲ್ಲಿ ಲೈಸೆನ್ಸಿನ ನಿಯಮ ಏನು ಹೇಳುತ್ತಿತ್ತು ಎಂಬುದರಲ್ಲೇ ಈ ಕಥೆಯ ತಿರುಳಿದೆ. ಅಡುಗೆಮನೆಯ ಕುಕ್ಕರನ್ನೇ ತೆಗೆದುಕೊಳ್ಳಿ. ಗ್ಯಾಸ್ಕೆಟ್ ಸಡಿಲವಾಗಿ ಅಂಚಿನಲ್ಲಿ ಸ್ವಲ್ಪ ಆವಿ ಸೋರಿದರೆ ನಾವು ಅಷ್ಟಾಗಿ ಹೆದರುವುದಿಲ್ಲ, ಆದಿತ್ಯವಾರ ಅಂಗಡಿಗೆ ಹೋಗಿ ಹೊಸದು ತಂದರಾಯಿತು. ಆದರೆ ಕುಕ್ಕರಿನ ಮೈಯೇ ಸೀಳಿ ಅಲ್ಲಿಂದ ಆವಿ ಬರುತ್ತಿದ್ದರೆ? ಎಷ್ಟೇ ಸಣ್ಣ ಸೀಳಾದರೂ ಬುದ್ಧಿಯಿದ್ದವರು ಅದನ್ನು ಒಲೆಯ ಮೇಲೆ ಇಡುವುದಿಲ್ಲ. ರಿಯಾಕ್ಟರಿನ ನಿಯಮವೂ ಹೀಗೆಯೇ ಎರಡು ಬಗೆ. ಎಲ್ಲಿಂದ ಎಂದು ಗೊತ್ತಾಗದ ಸೋರಿಕೆ ನಿಮಿಷಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ, ಮೀರಬಾರದು. ಒತ್ತಡ ಹೊರುವ ಗೋಡೆಯಲ್ಲೇ ಸೋರಿಕೆಯಿದ್ದರೆ ಮಿತಿ ಸೊನ್ನೆ. ಒಂದು ಹನಿ ಕಂಡರೂ ಸ್ಥಾವರ ನಿಲ್ಲಬೇಕು.

ಈ ಎರಡು ಸಾಲುಗಳ ನಡುವಿನ ಸಂದಿಯಲ್ಲೇ ಡೇವಿಸ್-ಬೆಸ್ಸಿ ವರ್ಷಗಟ್ಟಲೆ ಓಡಿತು. ಗೊತ್ತಾಗದ ಸೋರಿಕೆಯ ಅಂಕಿ ಹಿಂದಿಗಿಂತ ಏರಿತ್ತು, ಆದರೂ ಒಂದು ಗ್ಯಾಲನ್ ದಾಟಿರಲಿಲ್ಲ. ದಿನಚರಿ ಪುಸ್ತಕ ನೋಡಿದವರಿಗೆ ಎಲ್ಲ ಮಿತಿಯೊಳಗೆ. ಆ ಸೋರಿಕೆಯ ಒಂದು ಪಾಲು ಬರುತ್ತಿದ್ದದ್ದು ಮುಚ್ಚಳದ ಕೊಳವೆಯ ಬಿರುಕಿನಿಂದ. ಅದಕ್ಕೆ ಅನ್ವಯಿಸಬೇಕಾಗಿದ್ದದ್ದು ಸೊನ್ನೆಯ ನಿಯಮ. ಎಲ್ಲಿಂದ ಸೋರುತ್ತಿದೆ ಎಂದು ಹುಡುಕದೆ ಇದ್ದಷ್ಟು ಕಾಲ ಸಡಿಲ ನಿಯಮವೇ ಸಾಕಾಗುತ್ತದೆ. ಈ ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ತಿಳಿದುಕೊಳ್ಳದೆ ಇರುವುದಕ್ಕೆ ನಿಯಮವೇ ರಿಯಾಯಿತಿ ಕೊಟ್ಟಂತಾಗಿತ್ತು.

ಹುಡುಕುವುದು ಸುಲಭವೂ ಇರಲಿಲ್ಲ. ಮುಚ್ಚಳದ ಮೇಲೆ ಉಕ್ಕಿನ ದೊಡ್ಡ ಕವಚ ಕೂತಿರುತ್ತದೆ. ಅದರ ಬುಡದಲ್ಲಿ ಅಂಗೈ ಅಗಲದ ಕಿಂಡಿಗಳು. ಅಲ್ಲಿಯವರು ಅವನ್ನು ಇಲಿಬಿಲ ಎಂದೇ ಕರೆಯುತ್ತಿದ್ದರು. ಕೋಲಿಗೆ ಕ್ಯಾಮರಾ ಕಟ್ಟಿ ಆ ಬಿಲದಿಂದ ಒಳಗೆ ತೂರಿಸಿ ನೋಡಬೇಕು. ಮುಚ್ಚಳ ಗುಮ್ಮಟದಂತೆ ಬಾಗಿರುವುದರಿಂದ ನಡುನೆತ್ತಿಯ ಕೊಳವೆಗಳು ಕಾಣುವುದೇ ಕಷ್ಟ. ಮೂರನೇ ನಂಬರಿನದು ನೆತ್ತಿಯ ಹತ್ತಿರದ್ದು. ಕವಚದಲ್ಲಿ ದೊಡ್ಡ ಬಾಗಿಲುಗಳನ್ನು ಕತ್ತರಿಸಿ ಕೊಟ್ಟರೆ ತೊಳೆಯಲು, ನೋಡಲು ಅನುಕೂಲವಾಗುತ್ತದೆ ಎಂಬ ಪ್ರಸ್ತಾವ 1990ರ ಆಸುಪಾಸಿನಲ್ಲೇ ಬಂದಿತ್ತು. ಪ್ರತಿಸಲವೂ ಮುಂದಿನ ಸಲಕ್ಕೆ ಎಂದು ತಳ್ಳಿಕೊಂಡೇ ಬಂದರು.

ಕಣ್ಣಿಗೆ ಕಾಣದ್ದನ್ನು ಗಾಳಿ ಹೇಳತೊಡಗಿತು. ರಿಯಾಕ್ಟರ್ ಕಟ್ಟಡದ ಗಾಳಿಯಲ್ಲಿ ವಿಕಿರಣ ಎಷ್ಟಿದೆಯೆಂದು ಅಳೆಯುವ ಉಪಕರಣಗಳಿಗೆ ಫಿಲ್ಟರ್ ಇರುತ್ತದೆ. ತಿಂಗಳಿಗೊಮ್ಮೆ ಬದಲಾಯಿಸಿದರೆ ಸಾಕು. 1999ರ ಹೊತ್ತಿಗೆ ಅವು ದಿನ ಬಿಟ್ಟು ದಿನ ಕಟ್ಟಿಕೊಳ್ಳತೊಡಗಿದವು. ಫಿಲ್ಟರಿನ ಮೇಲೆ ಕೂತದ್ದು ಬಿಳಿ ಪುಡಿಯಲ್ಲ, ಕಂದು ಪುಡಿ. ಪ್ರಯೋಗಾಲಯಕ್ಕೆ ಕಳಿಸಿದರು. ಕಬ್ಬಿಣದ ಆಕ್ಸೈಡ್ ಎಂದು ವರದಿ ಬಂತು. ಸರಳವಾಗಿ ಹೇಳುವುದಾದರೆ ತುಕ್ಕು. ಕಟ್ಟಡದ ಗಾಳಿ ತಂಪುಮಾಡುವ ಯಂತ್ರಗಳ ಮೇಲೂ ಬೋರಿಕ್ ಆಸಿಡ್ ದಪ್ಪನಾಗಿ ಕೂರುತ್ತಿತ್ತು. 1998ರ ನವೆಂಬರಿನಿಂದ 1999ರ ಮೇವರೆಗೆ 17 ಸಲ ಅವುಗಳನ್ನು ತೊಳೆಯಬೇಕಾಯಿತು. ಕಟ್ಟಡದೊಳಗೆ ಎಲ್ಲೋ ಕಬ್ಬಿಣ ಕರಗಿ ಗಾಳಿಗೆ ಸೇರುತ್ತಿದೆ ಎಂದು ಉಪಕರಣಗಳು ಹೇಳುತ್ತಿದ್ದವು. ಆ ಕಬ್ಬಿಣ ಎಲ್ಲಿಯದೆಂದು ಕೊನೆಮುಟ್ಟ ಹುಡುಕುವ ಬದಲು ಗಾಳಿ ಶುದ್ಧಮಾಡುವ ಹೆಚ್ಚುವರಿ ಫಿಲ್ಟರ್‌ಗಳನ್ನು ತಂದು ಕೂರಿಸಿದರು.

ಆಮೇಲೆ ಬಂತು ಆ ಫೋಟೋ. 2000ದ ಏಪ್ರಿಲ್‌ನಲ್ಲಿ ಇಂಧನ ಬದಲಾವಣೆಗೆ ನಿಂತಾಗ ತೆಗೆದದ್ದು. ಮುಂದೆ ಅದನ್ನು ಎಲ್ಲರೂ ಕೆಂಪು ಫೋಟೋ ಎಂದೇ ಕರೆದರು. ಮುಚ್ಚಳದ ಅಂಚಿನ ಬೋಲ್ಟುಗಳ ಸಾಲು, ಅದರ ಹಿಂದೆ ಇಲಿಬಿಲಗಳು. ಬಿಲಗಳಿಂದ ಕೆಂಪು-ಕಂದು ಬಣ್ಣದ ರಾಡಿ ಹರಿದು ಇಳಿದು ಲಾವಾದಂತೆ ಗಟ್ಟಿಯಾಗಿದೆ. ಬೋರಿಕ್ ಆಸಿಡ್ ಹುಟ್ಟಿನಿಂದ ಬಿಳಿ, ಅದು ಕೆಂಪಾಗಬೇಕಾದರೆ ಕಬ್ಬಿಣ ಕೂಡಬೇಕು. ಈ ಒಂದು ಮಾತು ಗೊತ್ತಿದ್ದವರಿಗೆ ಆ ಫೋಟೋದಲ್ಲಿ ಬೇರೇನೂ ಓದಬೇಕಾಗಿಲ್ಲ. ಮೇಲಿನ ಜೋಡಣೆಗಳು ಸೋರಿ ಕೆಳಗೆ ಬಿದ್ದದ್ದು ಎಂದು ಸ್ಥಾವರದವರು ತಮಗೆ ತಾವೇ ವಿವರಣೆ ಕೊಟ್ಟುಕೊಂಡರು. ಜೋಡಣೆಗಳು ಹಿಂದೆ ನಿಜಕ್ಕೂ ಸೋರಿದ್ದುಂಟು, ಹಾಗಾಗಿ ವಿವರಣೆ ನಂಬುವಂತೆ ಇತ್ತು. ಬಿಸಿನೀರು ಹಾಯಿಸಿ ಬಿಡಿಸಲು ನೋಡಿದರು. ಎಲ್ಲವೂ ಬರಲಿಲ್ಲ. ಇಂಧನ ಬದಲಾವಣೆಯ ವೇಳಾಪಟ್ಟಿ ಮುಗಿಯುತ್ತ ಬಂದಿತ್ತು, ಉಳಿದದ್ದನ್ನು ಹಾಗೆಯೇ ಬಿಟ್ಟು ಸ್ಥಾವರ ಮತ್ತೆ ಶುರುವಾಯಿತು.

ಆಗ ನಿಯಂತ್ರಕರು ಎಲ್ಲಿದ್ದರು ಎಂಬುದು ಯಾರಾದರೂ ಕೇಳುವ ಪ್ರಶ್ನೆ. ಅವರು ಅಲ್ಲೇ ಇದ್ದರು. ಅಮೆರಿಕದ ಪ್ರತಿ ಸ್ಥಾವರದಲ್ಲೂ ಕಮಿಷನ್ನಿನ ಇನ್‌ಸ್ಪೆಕ್ಟರ್‌ಗಳು ಕಾಯಂ ಕೂತು ಕೆಲಸ ಮಾಡುತ್ತಾರೆ. ಅವರ ಕಚೇರಿ ಸ್ಥಾವರದೊಳಗೇ, ಎಲ್ಲಿ ಬೇಕಾದರೂ ಹೇಳದೆ ಹೋಗುವ ಅಧಿಕಾರವಿದೆ. ಸ್ಥಾವರದವರೊಂದಿಗೆ ಸ್ನೇಹ ಬಲಿಯಬಾರದೆಂದು ಕೆಲವು ವರ್ಷಗಳಿಗೊಮ್ಮೆ ವರ್ಗ ಮಾಡುತ್ತಾರೆ. ಆದರೆ ರಿಯಾಕ್ಟರ್ ಸ್ಥಾವರವೆಂದರೆ ಸಾವಿರಾರು ಕವಾಟ, ನೂರಾರು ಪಂಪು, ದಿನಕ್ಕೆ ಹತ್ತಾರು ದೋಷವರದಿ. ಇನ್‌ಸ್ಪೆಕ್ಟರ್ ಅದರಲ್ಲಿ ಒಂದಷ್ಟನ್ನು ಮಾತ್ರ ಆರಿಸಿ ನೋಡಬಲ್ಲ. ಡೇವಿಸ್-ಬೆಸ್ಸಿಯಲ್ಲಿ ಕೆಲಕಾಲ ಎರಡು ಹುದ್ದೆಗಳ ಜಾಗದಲ್ಲಿ ಒಬ್ಬರೇ ಇದ್ದರು. ಸ್ಥಾವರಕ್ಕೆ ಒಳ್ಳೆಯ ಹೆಸರೂ ಇತ್ತು. 2000ದಲ್ಲಿ ಜಾರಿಗೆ ಬಂದ ಹೊಸ ಮೌಲ್ಯಮಾಪನದಲ್ಲಿ ಹಸಿರು, ಬಿಳಿ, ಹಳದಿ, ಕೆಂಪು ಎಂದು ಬಣ್ಣ ಕೊಡುವ ಪದ್ಧತಿ. ಮುಚ್ಚಳದಲ್ಲಿ ಗುಂಡಿ ಬೆಳೆಯುತ್ತಿದ್ದಾಗ ಡೇವಿಸ್-ಬೆಸ್ಸಿಯ ಸೂಚಕಗಳೆಲ್ಲ ಹಸಿರು.

ಎಚ್ಚರಿಕೆಯ ಗಂಟೆ ಹೊಡೆದದ್ದು ಬೇರೆ ಕಡೆಯಿಂದ. ಈ ಕೊಳವೆಗಳನ್ನು ಮಾಡಿರುವ ನಿಕಲ್ ಮಿಶ್ರಲೋಹ ಬಿಸಿನೀರಿನಲ್ಲಿ ವರ್ಷಗಟ್ಟಲೆ ನೆನೆದು, ಒಳಗಿನ ಬಿಗಿತಕ್ಕೆ ನಿಧಾನವಾಗಿ ಸೀಳುತ್ತದೆ ಎಂಬುದು 1991ರಲ್ಲಿ ಫ್ರಾನ್ಸಿನ ಬ್ಯುಜೆ ಸ್ಥಾವರದಲ್ಲಿ ಕಂಡುಬಂದಿತ್ತು. ಅಲ್ಲಿಯ ಬಿರುಕುಗಳು ಕೊಳವೆಯ ಉದ್ದಕ್ಕೆ. ಸೋರಬಹುದು, ಆದರೆ ಕೊಳವೆ ಕಿತ್ತುಬರುವುದಿಲ್ಲ ಎಂಬ ಸಮಾಧಾನವಿತ್ತು. 2001ರ ಆರಂಭದಲ್ಲಿ ದಕ್ಷಿಣ ಕೆರೊಲಿನಾದ ಓಕೋನಿ ಸ್ಥಾವರದಲ್ಲಿ ಕೊಳವೆಯನ್ನು ಸುತ್ತುವರಿದ ಬಿರುಕು ಸಿಕ್ಕಿತು. ಕಬ್ಬನ್ನು ಉದ್ದಕ್ಕೆ ಸೀಳಿದರೆ ಅದು ಜಲ್ಲೆಯಾಗಿಯೇ ನಿಂತಿರುತ್ತದೆ, ಅಡ್ಡಕ್ಕೆ ಸುತ್ತಲೂ ಕೊಯ್ದರೆ ಮುರಿದು ಬೀಳುತ್ತದೆ. ಅಡ್ಡ ಬಿರುಕು ಪೂರ್ತಿ ಸುತ್ತಿಕೊಂಡರೆ 150 ಪಟ್ಟು ಒತ್ತಡ ಕೊಳವೆಯನ್ನು ಬಾಣದಂತೆ ಮೇಲಕ್ಕೆ ಹಾರಿಸುತ್ತದೆ, ಆ ತೂತಿನಿಂದ ರಿಯಾಕ್ಟರಿನ ನೀರು ಹೊರಗೆ ನುಗ್ಗುತ್ತದೆ.

2001ರ ಆಗಸ್ಟ್ 3ರಂದು ಕಮಿಷನ್ ಒಂದು ಬುಲೆಟಿನ್ ಹೊರಡಿಸಿತು. ಅಪಾಯ ಹೆಚ್ಚಿರುವ ಸ್ಥಾವರಗಳು ಡಿಸೆಂಬರ್ 31ರೊಳಗೆ ಕೊಳವೆಗಳನ್ನು ಪರೀಕ್ಷಿಸಬೇಕು, ಇಲ್ಲವೇ ಪರೀಕ್ಷಿಸದೆ ಓಡಿಸುವುದು ಏಕೆ ಸುರಕ್ಷಿತ ಎಂದು ತೋರಿಸಿಕೊಡಬೇಕು. ಡೇವಿಸ್-ಬೆಸ್ಸಿಯನ್ನು ಕಟ್ಟಿದ ಬಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಂಪನಿಯದೇ ಇನ್ನೂ ಆರು ರಿಯಾಕ್ಟರ್‌ಗಳು ಓಡುತ್ತಿದ್ದವು. ಆ ವರ್ಷ ಮುಗಿಯುವುದರೊಳಗೆ ಆರರಲ್ಲೂ ಬಿರುಕು ಸಿಕ್ಕಿತು. ಏಳನೆಯದೊಂದು ಮಾತ್ರ ನೋಡದೆ ಉಳಿಯಿತು. ಅದರ ಒಡೆತನದ ಫಸ್ಟ್‌ಎನರ್ಜಿ ಕಂಪನಿ, ಮುಂದಿನ ಇಂಧನ ಬದಲಾವಣೆ ಹೇಗೂ 2002ರ ಮಾರ್ಚ್ ಕೊನೆಗೆ ಇದೆ, ಅಲ್ಲಿಯವರೆಗೆ ಬಿಡಿ ಎಂದಿತು. ನಡುವೆ ನಿಲ್ಲಿಸಿದರೆ ದಿನದಿನಕ್ಕೂ ನಷ್ಟ.

ತನ್ನ ಬೇಡಿಕೆಗೆ ಬೆಂಬಲವಾಗಿ ಕಂಪನಿ ಪತ್ರಗಳ ಮೇಲೆ ಪತ್ರ ಬರೆಯಿತು. ಹಿಂದಿನ ತಪಾಸಣೆಗಳಲ್ಲಿ ಮುಚ್ಚಳವನ್ನು ನೋಡಿದ್ದೇವೆ, ಆತಂಕ ಪಡುವಂಥದ್ದೇನೂ ಇಲ್ಲ ಎಂಬುದು ಅವುಗಳ ಸಾರ. ಎಷ್ಟೋ ಕೊಳವೆಗಳ ಬುಡ ಬೋರಿಕ್ ಆಸಿಡ್ಡಿನ ಗಟ್ಟಿಯಲ್ಲಿ ಮುಚ್ಚಿಹೋಗಿ ಕಂಡೇ ಇರಲಿಲ್ಲ ಎಂಬುದನ್ನು ಪತ್ರಗಳು ನೇರವಾಗಿ ಹೇಳಲಿಲ್ಲ. ಅಣು ಸುರಕ್ಷತೆಯ ನಿಯಮಾವಳಿಯಲ್ಲಿ ಹೊರಗಿನವರಿಗೆ ಸಪ್ಪೆಯೆನಿಸುವ ಒಂದು ಕಲಮಿದೆ: ಲೈಸೆನ್ಸುದಾರ ಕೊಡುವ ಮಾಹಿತಿ ಪೂರ್ಣವಾಗಿರಬೇಕು, ನಿಖರವಾಗಿರಬೇಕು. ನನ್ನ ಲೆಕ್ಕದಲ್ಲಿ ಉಳಿದ ಎಲ್ಲ ಕಲಮುಗಳೂ ನಿಂತಿರುವುದು ಇದರ ಮೇಲೆ. ಇನ್‌ಸ್ಪೆಕ್ಟರ್ ಎಲ್ಲವನ್ನೂ ಕಣ್ಣಾರೆ ನೋಡಲಾರ. ನೋಡಿದವನು ಬರೆದದ್ದನ್ನು ಓದಿ ತೀರ್ಮಾನಿಸುತ್ತಾನೆ. ಬರೆದವನು ಅರ್ಧ ನುಂಗಿಕೊಂಡರೆ ನಿಯಂತ್ರಕನ ಲೆಕ್ಕಾಚಾರ ಎಷ್ಟೇ ಜಾಣತನದ್ದಾದರೂ ಅದರ ಬುಡ ಪೊಳ್ಳು.

ಇಷ್ಟಾದರೂ ಕಮಿಷನ್ನಿನ ಸಿಬ್ಬಂದಿ ಪೂರ್ತಿ ಮೋಸಹೋಗಲಿಲ್ಲ. ಮುಖ್ಯವಾದ ಮಾತಿದು. ಗುಂಡಿ ಬಿದ್ದಿದೆಯೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಇದೇ ವಿನ್ಯಾಸದ ಉಳಿದ ರಿಯಾಕ್ಟರ್‌ಗಳೆಲ್ಲ ಬಿರುಕುಬಿಟ್ಟಿರುವಾಗ ಇದೊಂದು ಹೇಗೆ ಗಟ್ಟಿಯಾಗಿರುತ್ತದೆ ಎಂದು ಅವರು ಕೇಳಿದರು. ಬಿರುಕಿದ್ದರೆ ಸೋರಿಕೆಯಿದೆ, ಸೋರಿಕೆಯಿದ್ದರೆ ಸೊನ್ನೆಯ ನಿಯಮ ಮುರಿದಿದೆ. ಈ ತರ್ಕ ಹಿಡಿದು 2001ರ ನವೆಂಬರ್‌ನಲ್ಲಿ ಅವರು ಸ್ಥಾವರ ನಿಲ್ಲಿಸುವ ಆದೇಶದ ಕರಡು ಬರೆದರು.

ಹಲವು ಸುತ್ತು ಮಾತುಕತೆಯಾಯಿತು. ನವೆಂಬರ್ ಕೊನೆಯಲ್ಲಿ ಕಂಪನಿ ತುಸು ಬಗ್ಗಿ, ಫೆಬ್ರುವರಿ 16ಕ್ಕೆ ನಿಲ್ಲಿಸುತ್ತೇವೆ, ಅಲ್ಲಿಯವರೆಗೆ ರಿಯಾಕ್ಟರಿನ ತಾಪಮಾನ ಕೆಲವು ಡಿಗ್ರಿ ಇಳಿಸುತ್ತೇವೆ, ಕಂಟ್ರೋಲ್ ರೂಮಿನವರಿಗೆ ವಿಶೇಷ ತರಬೇತಿ ಕೊಡುತ್ತೇವೆ ಎಂದಿತು. ಕಮಿಷನ್ನಿನ ಅಧಿಕಾರಿಗಳು ಒಪ್ಪಿದರು. ಕರಡು ಕಡತ ಸೇರಿತು. ಡಿಸೆಂಬರ್ 31ಕ್ಕೂ ಫೆಬ್ರುವರಿ 16ಕ್ಕೂ ನಡುವೆ 47 ದಿನ.

ಎರಡೂ ಕಡೆಯವರು ಒಂದೊಂದು ಹೆಜ್ಜೆ ಹಿಂದೆ ಸರಿದು ಒಪ್ಪಂದಕ್ಕೆ ಬರುವುದು ಪಂಚಾಯಿತಿಕಟ್ಟೆಯಲ್ಲಿ ಒಳ್ಳೆಯ ನಡೆ. ಹೊಲದ ಬದುವಿನ ಜಗಳ ಹಾಗೆ ಮುಗಿದರೆ ಎಲ್ಲರೂ ಸುಖವಾಗಿ ಮನೆಗೆ ಹೋಗಬಹುದು. ಆದರೆ ಇಲ್ಲಿ ಮೂರನೆಯ ಪಕ್ಷವೊಂದಿತ್ತು, ಮುಚ್ಚಳದ ಮೇಲಿನ ಆಸಿಡ್. ಅದು ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ.

ಕಮಿಷನ್ನಿನ ಆಂತರಿಕ ತನಿಖಾ ವಿಭಾಗ 2002ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ತನ್ನವರನ್ನೇ ಬಿಡಲಿಲ್ಲ. ಗಡುವು ಸಡಿಲಿಸಿದ್ದಕ್ಕೆ ಬಹುಪಾಲು ಕಾರಣ ಕಂಪನಿಗೆ ಆಗುವ ನಷ್ಟ ಕಡಿಮೆ ಮಾಡಬೇಕೆಂಬ ಇಚ್ಛೆ ಎಂದು ಅದು ಹೇಳಿತು. ಅದಕ್ಕಿಂತ ಆಳವಾದ ಇನ್ನೊಂದು ದೋಷವನ್ನೂ ಗುರುತಿಸಿತು. ಕಾನೂನಿನ ಪ್ರಕಾರ, ಜನರ ಸುರಕ್ಷತೆಯ ಬಗ್ಗೆ ತಕ್ಕಮಟ್ಟಿನ ಭರವಸೆ ಇಲ್ಲದಿದ್ದರೆ ಸಾಕು, ನಿಯಂತ್ರಕರು ಸ್ಥಾವರ ನಿಲ್ಲಿಸಬಹುದು. ಆದರೆ ಕಚೇರಿಯ ವಾಡಿಕೆಯಲ್ಲಿ ಅದು ತಿರುಗುಮುರುಗಾಗಿತ್ತು. ಅಪಾಯವಿದೆಯೆಂದು ಸಂಶಯಕ್ಕೆಡೆಯಿಲ್ಲದ ರುಜುವಾತು ಸಿಕ್ಕರೆ ಮಾತ್ರ ನಿಲ್ಲಿಸುವುದು ಎಂಬ ಅಲಿಖಿತ ನಿಯಮ ಬೆಳೆದಿತ್ತು.

ಈ ತಿರುವುಮುರುವು ಎಷ್ಟು ಸದ್ದಿಲ್ಲದೆ ಆಗುತ್ತದೆ ನೋಡಿ. ಯಾವ ಕಲಮನ್ನೂ ಯಾರೂ ತಿದ್ದಲಿಲ್ಲ. ಪ್ರಶ್ನೆ ಕೇಳುವ ಧಾಟಿ ಮಾತ್ರ ಬದಲಾಯಿತು. ಸುರಕ್ಷಿತ ಎಂಬುದನ್ನು ನೀವು ತೋರಿಸಿ ಎಂದು ಕೇಳಬೇಕಾದವರು, ಅಪಾಯ ಎಂಬುದನ್ನು ನಾವು ತೋರಿಸಬಲ್ಲೆವೆ ಎಂದು ತಮ್ಮನ್ನೇ ಕೇಳಿಕೊಂಡರು. ಮೊದಲ ಪ್ರಶ್ನೆಗೆ ಕಂಪನಿಯ ಬಳಿ ಉತ್ತರವಿರಲಿಲ್ಲ, ಏಕೆಂದರೆ ಅದು ನೋಡಿಯೇ ಇರಲಿಲ್ಲ. ಎರಡನೆಯ ಪ್ರಶ್ನೆಗೆ ಕಮಿಷನ್ನಿನ ಬಳಿಯೂ ಉತ್ತರವಿರಲಿಲ್ಲ, ಅದೇ ಕಾರಣಕ್ಕೆ. ನೋಡಿಲ್ಲ ಎಂಬ ಒಂದೇ ಸಂಗತಿ, ಪ್ರಶ್ನೆ ಯಾರ ಕಡೆ ತಿರುಗಿದೆ ಎಂಬುದರ ಮೇಲೆ, ನಿಲ್ಲಿಸಲೂ ಕಾರಣವಾಗಬಲ್ಲದು, ಓಡಿಸಲೂ ಕಾರಣವಾಗಬಲ್ಲದು. ನನಗೆ ಈ ಇಡೀ ಪ್ರಕರಣದಲ್ಲಿ ಲೋಹವಿಜ್ಞಾನಕ್ಕಿಂತ ಹೆಚ್ಚು ಕಲಿಸಿದ್ದು ಇದು.

ಆ ತೆಳು ಪದರ ಇನ್ನೆಷ್ಟು ದಿನ ತಡೆಯುತ್ತಿತ್ತು? ಕಮಿಷನ್ ಆಮೇಲೆ ಪ್ರಯೋಗಗಳನ್ನು ಮಾಡಿಸಿ ಲೆಕ್ಕ ಹಾಕಿಸಿತು. ಸ್ಥಾವರ ಓಡುತ್ತಲೇ ಇದ್ದಿದ್ದರೆ ಇನ್ನೂ 2ರಿಂದ 13 ತಿಂಗಳು ಎಂದು ಉತ್ತರ ಬಂತು. ಒಡೆದಿದ್ದರೆ ತುರ್ತು ಪಂಪುಗಳು ನೀರು ತುಂಬಿಸಬೇಕಾಗಿತ್ತು. ಗುಂಡಿ ಸಿಕ್ಕ ಮೇಲೆ ನಡೆದ ತಪಾಸಣೆಯಲ್ಲಿ, ಕೆಳಗೆ ಸೇರಿದ ನೀರನ್ನು ಮತ್ತೆ ಪಂಪಿಗೆ ಕಳಿಸುವ ಜಾಗದ ಜಾಲರಿ ಸಾಲದು, ಕಸಕಡ್ಡಿ ಸೇರಿದರೆ ತುರ್ತು ಪಂಪುಗಳೂ ಕೆಡಬಹುದು ಎಂಬುದು ಬೆಳಕಿಗೆ ಬಂತು. ಒಂದು ರಕ್ಷಣೆ ಸೋತರೆ ಇನ್ನೊಂದು ಕಾಯುತ್ತದೆ ಎಂಬ ನಂಬಿಕೆಯ ಮೇಲೆ ಅಣು ಸ್ಥಾವರಗಳನ್ನು ಕಟ್ಟುತ್ತಾರೆ. ಇಲ್ಲಿ ಹಿಂದಿನ ಸಾಲಿನವರೂ ಕುಂಟುತ್ತಿದ್ದರು.

ಸ್ಥಾವರ ಎರಡು ವರ್ಷ ಮುಚ್ಚಿತ್ತು. ಮಿಷಿಗನ್ ರಾಜ್ಯದ ಮಿಡ್‌ಲೆಂಡ್‌ನಲ್ಲಿ ಕಟ್ಟುತ್ತ ಅರ್ಧಕ್ಕೇ ಕೈಬಿಟ್ಟ ಸ್ಥಾವರದಿಂದ ಬಳಸದ ಮುಚ್ಚಳವೊಂದನ್ನು ಕೊಂಡು ತಂದು, ರಿಯಾಕ್ಟರ್ ಕಟ್ಟಡದ ಗೋಡೆಯನ್ನು ಕತ್ತರಿಸಿ ಒಳಗೆ ಸಾಗಿಸಿದರು. 2004ರ ಮಾರ್ಚ್‌ನಲ್ಲಿ ಮತ್ತೆ ಓಡಿಸಲು ಅನುಮತಿ ಸಿಕ್ಕಿತು. 2005ರಲ್ಲಿ ಕಮಿಷನ್ 54.5 ಲಕ್ಷ ಡಾಲರ್ ದಂಡ ಹಾಕಿತು, ಅದುವರೆಗೆ ಹಾಕಿದ್ದರಲ್ಲಿ ಅತಿ ದೊಡ್ಡದು. 2006ರ ಜನವರಿಯಲ್ಲಿ, ಸರ್ಕಾರಕ್ಕೆ ಸುಳ್ಳು ಮಾಹಿತಿ ಕೊಟ್ಟ ಪ್ರಕರಣದಲ್ಲಿ, ಮೊಕದ್ದಮೆ ಮುಂದೂಡುವ ಒಪ್ಪಂದದಡಿ ಕಂಪನಿ 2.8 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಪತ್ರಗಳಿಗೆ ಸಂಬಂಧಿಸಿದಂತೆ ಮೂವರು ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸಿದರು. ಇಬ್ಬರು ತಪ್ಪಿತಸ್ಥರೆಂದು ತೀರ್ಪಾಯಿತು, ಒಬ್ಬರು ಖುಲಾಸೆಯಾದರು.

ಇದೇ ಸ್ಥಾವರ ಇನ್ನೊಂದು ಕಥೆಯನ್ನೂ ಹೊತ್ತುಕೊಂಡಿದೆ. 1977ರ ಸೆಪ್ಟೆಂಬರ್ 24ರಂದು, ಇನ್ನೂ ಪೂರ್ಣ ಶಕ್ತಿಗೆ ಏರದೆ ಶೇ. 9ರಲ್ಲಿ ಓಡುತ್ತಿದ್ದಾಗ, ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡು ಮುಚ್ಚದೆ ಉಳಿಯಿತು. ನೀರು ಹೊರಗೆ ಹೋಗುತ್ತಿದ್ದರೂ ಮಾಪಕ ತುಂಬಿದಂತೆ ತೋರಿಸಿತು. ಅದನ್ನು ನಂಬಿ ತುರ್ತು ನೀರನ್ನು ನಿಲ್ಲಿಸಿದರು. ಸುಮಾರು 20 ನಿಮಿಷದಲ್ಲಿ ಒಬ್ಬರಿಗೆ ಹೊಳೆದು ಕವಾಟದ ದಾರಿ ಮುಚ್ಚಿದ್ದರಿಂದ ಉಳಿದರು. ಕಮಿಷನ್ನಿನ ಪ್ರಾದೇಶಿಕ ಕಚೇರಿಯ ಇನ್‌ಸ್ಪೆಕ್ಟರ್ ಒಬ್ಬರು ಇದು ಸಣ್ಣ ವಿಷಯವಲ್ಲವೆಂದು ತಿಂಗಳುಗಟ್ಟಲೆ ಬಾಗಿಲಿಂದ ಬಾಗಿಲಿಗೆ ಓಡಾಡಿದರು. ಕೊನೆಗೆ 1979ರ ಮಾರ್ಚ್‌ನಲ್ಲಿ ಕಮಿಷನ್ನಿನ ಸದಸ್ಯರನ್ನೇ ಕಂಡು ಹೇಳಿದರು. ಅದೇ ಮಾರ್ಚ್ 28ರಂದು, ಅದೇ ಕಂಪನಿ ಕಟ್ಟಿದ ತ್ರೀ ಮೈಲ್ ಐಲೆಂಡ್ ರಿಯಾಕ್ಟರಿನಲ್ಲಿ ಅದೇ ಬಗೆಯ ಕವಾಟ ಹಾಗೆಯೇ ತೆರೆದುಕೊಂಡು ನಿಂತಿತು. ಅಲ್ಲಿ ದಾರಿ ಮುಚ್ಚಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಇಂಧನ ಹಾಳಾಗತೊಡಗಿತ್ತು.

ನಮ್ಮ ದೇಶದಲ್ಲಿ ನಿಯಂತ್ರಕರ ಈ ಕೆಲಸ ನೋಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. 1983ರ ನವೆಂಬರ್ 15ರಂದು ಸರ್ಕಾರದ ಆದೇಶದ ಮೂಲಕ ಹುಟ್ಟಿತು. 2012ರಲ್ಲಿ ಮಹಾಲೇಖಪಾಲರು ಮಂಡಳಿಯ ಕೆಲಸವನ್ನು ಪರಿಶೀಲಿಸಿ ಸಂಸತ್ತಿಗೆ ವರದಿ ಕೊಟ್ಟರು. ನಿಯಮ ಮುರಿದವರಿಗೆ ಹೆದರಿಕೆ ಹುಟ್ಟಿಸಲು ದಂಡದ ಮೊತ್ತ ಏನೇನೂ ಸಾಲದು, ದಂಡ ಹಾಕುವ ಅಧಿಕಾರವೂ ಮಂಡಳಿಗಿಲ್ಲ ಎಂಬುದು ಅದರ ಒಂದು ಆಕ್ಷೇಪ. ಆಗ ಇದ್ದ ಅಣುಶಕ್ತಿ ಕಾಯ್ದೆ 1962ರದ್ದು. ಅದರಡಿ ಮಾಡಿದ ನಿಯಮವನ್ನು ಮುರಿದರೆ ಹಾಕಬಹುದಾದ ದಂಡಕ್ಕೆ ಆ ಕಾಯ್ದೆ ಇಟ್ಟಿದ್ದ ಮಿತಿ 500 ರೂಪಾಯಿ. 1962ರಲ್ಲಿ ಅದು ಒಬ್ಬ ಗುಮಾಸ್ತನ ಕೆಲವು ತಿಂಗಳ ಸಂಬಳವಾಗಿದ್ದಿರಬಹುದು. ಅರ್ಧ ಶತಮಾನ ಕಳೆದರೂ ಯಾರೂ ಆ ಅಂಕಿಯನ್ನು ಮುಟ್ಟಿರಲಿಲ್ಲ.

ಹಾಗೆಂದು ಮಂಡಳಿ ಎಂದೂ ಕೈ ಎತ್ತಿ ತಡೆದದ್ದಿಲ್ಲವೆಂದು ಹೇಳಲಾಗದು. ಕಾರವಾರದಿಂದ ಕಾಳಿ ನದಿಯ ಗುಂಟ ಒಳಗೆ ಹೋದರೆ ಕದ್ರಾ ಜಲಾಶಯದ ಪಕ್ಕದಲ್ಲಿ ಕೈಗಾ ಸ್ಥಾವರ. 1994ರ ಮೇ 13ರಂದು, ಕಟ್ಟಡ ಏಳುತ್ತಿದ್ದಾಗಲೇ, ಮೊದಲನೇ ಘಟಕದ ಒಳಗುಮ್ಮಟದ ತಳಪದರ ಕಳಚಿ ಕಾಂಕ್ರೀಟ್ ರಾಶಿಯಾಗಿ ಕೆಳಗೆ ಬಿತ್ತು. ಕೆಲಸಗಾರರಿಗೆ ಗಾಯವಾಯಿತು, ಜೀವ ಹೋಗಲಿಲ್ಲ. ಇಂಥ ಗುಮ್ಮಟದೊಳಗೆ ಉಕ್ಕಿನ ಹಗ್ಗಗಳನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಬಾಗಿದ ಹಗ್ಗವನ್ನು ಎಳೆದರೆ ಅದು ನೆಟ್ಟಗಾಗಲು ನೋಡುತ್ತದೆ, ಕಾಂಕ್ರೀಟನ್ನು ಪದರಪದರವಾಗಿ ಸೀಳಲು ಹವಣಿಸುತ್ತದೆ. ಅದನ್ನು ಹಿಡಿದಿಡುವ ಸರಳುಗಳು ವಿನ್ಯಾಸದಲ್ಲಿ ಸಾಕಷ್ಟು ಇರಲಿಲ್ಲ. ರಿಯಾಕ್ಟರ್ ಎಂದಾದರೂ ಕೆಟ್ಟರೆ ವಿಕಿರಣವನ್ನು ಒಳಗೇ ತಡೆದಿಡಬೇಕಾದ ಗುಮ್ಮಟ ಅದು. ಆಗ ಮಂಡಳಿಯ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಗುಮ್ಮಟದ ಕೆಲಸ ನಿಂತಿತು. ಅದೇ ವಿನ್ಯಾಸದಲ್ಲಿ ರಾಜಸ್ಥಾನದ ರಾವತ್‌ಭಾಟಾದಲ್ಲಿ ಏಳುತ್ತಿದ್ದ ಗುಮ್ಮಟಗಳ ಕೆಲಸವೂ ನಿಂತಿತು. ವಿನ್ಯಾಸ ಹೊಸದಾಗಿ ಆಗಿ, ಒಪ್ಪಿಗೆ ಪಡೆದು, ಗುಮ್ಮಟ ಮತ್ತೆ ಎದ್ದು, ಕೈಗಾದ ಆ ಘಟಕದಲ್ಲಿ ಸರಣಿ ಕ್ರಿಯೆ ಆರಂಭವಾದದ್ದು 2000ದ ಸೆಪ್ಟೆಂಬರ್‌ನಲ್ಲಿ. ಮುಂದೆ ಅದೇ ಘಟಕ ಎಲ್ಲೂ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಬರೆಯಿತು. 2018ರ ಡಿಸೆಂಬರ್ 31ರಂದು ತಪಾಸಣೆಗೆಂದು ನಿಂತಿತು. ಪತ್ರಿಕೆಗಳೆಲ್ಲ 962ರ ಸಂಖ್ಯೆಯನ್ನು ಸಂಭ್ರಮದಿಂದ ಬರೆದವು. ನಾನು ಅದನ್ನು ಓದುವಾಗ ನೆನೆದದ್ದು ಗುಮ್ಮಟಕ್ಕಾಗಿ ಕಾದ ವರ್ಷಗಳನ್ನು.

ಡೇವಿಸ್-ಬೆಸ್ಸಿಯ ಪ್ರಕರಣದ ನಂತರ ಅಮೆರಿಕದಲ್ಲಿ ಮುಚ್ಚಳದ ತಪಾಸಣೆಯ ನಿಯಮಗಳು ಬಿಗಿಯಾದವು. ಇಲಿಬಿಲದಿಂದ ಇಣುಕಿ ನೋಡಿದರೆ ಸಾಲದು; ಕೊಳವೆಯ ಲೋಹದೊಳಗೆ ಶ್ರವಣಾತೀತ ಧ್ವನಿ ಹಾಯಿಸಿ ಬಿರುಕು ಹುಡುಕಬೇಕು, ಅದೂ ಹೇಳಿದ ಕಾಲಕ್ಕೆ ಸರಿಯಾಗಿ. 2010ರ ಮಾರ್ಚ್‌ನಲ್ಲಿ ಇಂಧನ ಬದಲಾಯಿಸಲು ನಿಂತಾಗ ಡೇವಿಸ್-ಬೆಸ್ಸಿಯ ಎರಡನೇ ಮುಚ್ಚಳವನ್ನು ಹೀಗೆ ಪರೀಕ್ಷಿಸಿದರು. ಮಿಡ್‌ಲೆಂಡಿನಿಂದ ತಂದ ಆ ಮುಚ್ಚಳ ಓಡಿದ್ದು ಬರೀ ಆರು ವರ್ಷ, ಕೊಳವೆಗಳು ಅದೇ ಹಳೆಯ ಮಿಶ್ರಲೋಹದವು. ಮತ್ತೆ ಬಿರುಕುಗಳು ಸಿಕ್ಕವು, ಒಂದೆರಡು ಕಡೆ ಬಿಳಿ ಪುಡಿಯೂ ಕಂಡಿತು. ಕೆಳಗಿನ ಉಕ್ಕು ಗಟ್ಟಿಯಾಗಿಯೇ ಇತ್ತು. 24 ಕೊಳವೆಗಳನ್ನು ರಿಪೇರಿ ಮಾಡಿದರು. ಸುಲಭಕ್ಕೆ ಬಿರುಕುಬಿಡದ ಹೊಸ ಮಿಶ್ರಲೋಹದ ಕೊಳವೆಗಳಿರುವ ಮುಚ್ಚಳವನ್ನು ಕಂಪನಿ 2014ಕ್ಕೆ ಕೂರಿಸುವ ಯೋಚನೆಯಲ್ಲಿತ್ತು. ಈ ಸಲ ಕಮಿಷನ್ ಮರಳಿ ಓಡಿಸಲು ಬಿಡುವ ಮೊದಲು ಬರಹದಲ್ಲಿ ದಿನಾಂಕ ಪಡೆದುಕೊಂಡಿತು. 2011ರ ಅಕ್ಟೋಬರ್ 1ರಂದು ಸ್ಥಾವರ ನಿಂತಿರಬೇಕು, ಮುಚ್ಚಳ ಬದಲಾಗಬೇಕು ಎಂದು. ಅಕ್ಟೋಬರ್‌ನಲ್ಲಿ ರಿಯಾಕ್ಟರ್ ಕಟ್ಟಡದ ಗೋಡೆಯನ್ನು ಎರಡನೇ ಸಲ ಕತ್ತರಿಸಿ ಮೂರನೇ ಮುಚ್ಚಳವನ್ನು ಒಳಗೆ ತಂದರು.